ಬಿಷಪ್ಪರು ತೊಳೆದ ಬಲಗಾಲು

ನನ್ನ ಗಂಡನ ಕಾಲಿನ ಸುದ್ದಿಯನ್ನು ನಮ್ಮ ಖಾನಾಪುರದ ಮಂದಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಬಿಷಪ್ಪರ ಕೈ ತಾಗಿತು, ಅದಕ್ಕೇ ಜೀವ ಉಳಿಯಿತು ಎನ್ನುವವರೂ ಇದ್ದಾರೆ. ಅವರು ಯಾರೂ ಆಸ್ಪತ್ರೆಗೆ ಬಂದವರಲ್ಲ. ನಾನು ಅಲ್ಲೂ ಇದ್ದೆ, ಚರ್ಚಿನಲ್ಲೂ ಇದ್ದೆ.

ನಮ್ಮವರು ಹಂಚಿನ ಕಾರ್ಖಾನೆಯ ಆಳು. ಮಷೀನು ಬರುವ ಮೊದಲು ಮಣ್ಣು ತುಳಿಯುವುದು ಅವರ ಕೆಲಸ. ಬೆಳಿಗ್ಗೆಯಿಂದ ಸಂಜೆತನಕ ಮೊಣಕಾಲುಮಟ ಕೆಸರು. ಮನೆಗೆ ಬಂದರೆ ಹೊಸ್ತಿಲ ಹೊರಗೇ ಒಂದು ಕೊಡ ನೀರು ಸುರಿಯುತ್ತಿದ್ದೆ, ಆದರೂ ಉಗುರಿನ ಸಂದಿಯ ಕೆಂಪು ಹೋಗುತ್ತಿರಲಿಲ್ಲ. ಮಷೀನು ಬಂದ ಮೇಲೆ ಮಾಡಿಗೆ ಹಂಚು ಹೊದಿಸುವ ಕೆಲಸಕ್ಕೆ ಹೋಗತೊಡಗಿದರು. ಹಾಗೇ ಒಮ್ಮೆ ಬೆಳಗಾವಿಯ ದೊಡ್ಡ ಚರ್ಚಿನ ಹಿಂದಿನ ಕೋಣೆಯ ಹಂಚು ಬದಲಿಸಲು ಹೋಗಿದ್ದರು. ಬಿಷಪ್ಪರು ಪೂಜೆ ಮಾಡುವ ಚರ್ಚು ಅದು. ಕಲ್ಲಿನದು, ಹಳೆಯದು. ಒಳಗೆ ಕೆಮ್ಮಿದರೆ ಮೇಲಿನಿಂದ ಯಾರೋ ತಿರುಗಿ ಕೆಮ್ಮಿದ ಹಾಗೆ ಕೇಳುತ್ತದೆ.

ಅದು ಪವಿತ್ರ ವಾರ. ಶುಭ ಶುಕ್ರವಾರದ ಹಿಂದಿನ ದಿನ, ಗುರುವಾರ ಸಂಜೆಯ ಪೂಜೆಯಲ್ಲಿ, ಹನ್ನೆರಡು ಮಂದಿಯನ್ನು ಪೀಠದ ಮುಂದೆ ಕುರ್ಚಿ ಹಾಕಿ ಕೂರಿಸುತ್ತಾರೆ. ಯೇಸು ಸಾಯುವ ಮುಂಚೆ ತನ್ನ ಶಿಷ್ಯರ ಕಾಲು ತೊಳೆದನಲ್ಲ, ಅದರ ನೆನಪಿಗೆ ಬಿಷಪ್ಪರು ಅವರೆಲ್ಲರ ಕಾಲು ತೊಳೆಯುತ್ತಾರೆ. ತೊಳೆಯುವುದು ಬಲಗಾಲು ಮಾತ್ರ. ಆ ವರ್ಷ ಹನ್ನೆರಡರಲ್ಲಿ ಒಬ್ಬನಿಗೆ ಜ್ವರ. ಆಗಿನ ಮುದಿ ಪಾದ್ರಿ ಅಂಗಳದಲ್ಲಿ ನಿಂತು, ಮಾಡಿನ ಮೇಲಿದ್ದ ಇವರನ್ನು ಕೂಗಿ ಕೆಳಗಿಳಿಸಿದರಂತೆ. ಇವರು ನಲ್ಲಿಯ ಕೆಳಗೆ ಕಾಲು ತಿಕ್ಕಿ ತಿಕ್ಕಿ ತೊಳೆದುಕೊಂಡು ಹೋಗಿ ಕೂತರಂತೆ. ಬಿಷಪ್ಪರು ನೀರು ಹಾಕಿ, ಒರೆಸಿ, ಬಗ್ಗಿ ಮುತ್ತಿಟ್ಟರು. ಮನೆಗೆ ಬಂದು ನನ್ನ ಮುಂದೆ ಆ ಕಾಲು ಚಾಚಿ ಹೇಳಿದರು:

“ಮಣ್ಣ ತುಳಿಯೂ ಕಾಲಿದು. ಇದಕ್ಕ ಮುದ್ದ ಕೊಟ್ರು, ಗೊತ್ತೈತೇನ ನಿನಗ?”

“ಊಟಕ್ಕ ಏಳ್ರಿ. ಕಾಲಿಗೆ ಮುದ್ದ ಕೊಟ್ರ ಹೊಟ್ಟಿ ತುಂಬೂದಿಲ್ಲ,” ಎಂದೆ.

ಅಲ್ಲಿಂದ ಮುಂದೆ ಒಂದು ವರ್ಷವೂ ತಪ್ಪಿಸಲಿಲ್ಲ. ಪಾದ್ರಿಗಳು ಬದಲಾದರು, ಬಿಷಪ್ಪರು ಬದಲಾದರು, ಹನ್ನೆರಡರಲ್ಲಿ ಈಗ ಹೆಂಗಸರನ್ನೂ ಕೂರಿಸುತ್ತಾರೆ. ಕೊನೆಯ ಕುರ್ಚಿ ಮಾತ್ರ ಖಾನಾಪುರದ ಅಜ್ಜನದು ಎಂದು ಎಲ್ಲರೂ ಬಿಟ್ಟುಕೊಟ್ಟಿದ್ದರು.

ಆಮೇಲೆ ಸಕ್ಕರೆ ಕಾಯಿಲೆ ಬಂತು. ಅದು ಬಂದವರ ಕಾಲಿಗೆ ನೋವು ಗೊತ್ತಾಗುವುದಿಲ್ಲ. ಹೋದ ವರ್ಷ ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಒಂದು ಶುಕ್ರವಾರ ಶಿಲುಬೆ ಹಾದಿಗೆ ಹೋದರು. ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುತ್ತಾ, ಅಲ್ಲಲ್ಲಿ ನಿಂತು ಮೊಣಕಾಲೂರುತ್ತಾ ಊರೊಳಗೆ ನಡೆಯುವುದು ಅದು. ಎಲ್ಲರೂ ಚಪ್ಪಲಿ ಹಾಕಿಕೊಂಡಿದ್ದರು. ಇವರು ಬರಿಗಾಲಲ್ಲಿ, ಕಾದ ಡಾಂಬರಿನ ಮೇಲೆ.

“ಚಪ್ಲಿ ಹಾಕ್ಕೋರಿ. ಯೇಸುಗೆ ಶುಗರ್ ಇರಲಿಲ್ಲ,” ಎಂದೆ. ಕೇಳಲಿಲ್ಲ. ಮನೆಗೆ ಬಂದಾಗ ಬಲಗಾಲಿನ ಅಡಿಯಲ್ಲಿ ಅಂಗೈಯಗಲ ಬೊಬ್ಬೆ ಒಡೆದಿತ್ತು. ಅವರಿಗೆ ಗೊತ್ತೇ ಇಲ್ಲ. ನೆಲದ ಮೇಲಿನ ಒದ್ದೆ ಹೆಜ್ಜೆ ನೋಡಿ ನಾನೇ ಹೇಳಬೇಕಾಯಿತು. ಅರಿಶಿಣ ಹಚ್ಚಿದೆವು, ಮುಲಾಮು ಹಚ್ಚಿದೆವು. ಎರಡು ಬೆರಳು ಕಪ್ಪಾದವು.

ಬೆಳಗಾವಿಯ ಡಾಕ್ಟರು ಪಟ್ಟಿ ಬಿಚ್ಚಿ ನೋಡಿ ನನ್ನ ಕಡೆ ತಿರುಗಿದರು. “ಅಜ್ಜಿ, ಈ ಎರಡ ಬೆರಳ ಹೋದ್ವು. ಇವತ್ತ ಅಡ್ಮಿಟ್ ಆದ್ರ ಬೆರಳಿಗೆ ಮುಗಸ್ತೀನಿ. ತಡಾ ಮಾಡಿದ್ರ ಎಲ್ಲಿ ಕೊಯ್ಯಬೇಕಂತ ಆ ಹುಣ್ಣ ಹೇಳ್ತದ, ನಾ ಅಲ್ಲ. ಮತ್ತ ನೀರ ಮುಟ್ಟಸಬ್ಯಾಡ್ರಿ.”

“ಗುರುವಾರ ಮುಗೀಲಿ, ಬರ್ತೀನ್ರಿ,” ಎಂದರು ನಮ್ಮವರು.

“ಯಾವ ಗುರುವಾರ?”

“ಮುಂದಿನ ವಾರದ್ದರಿ. ಬಿಷಪ್ಪರು ಕಾಲ ತೊಳೀತಾರ.”

ಡಾಕ್ಟರು ಲಿಂಗಾಯತರು. “ನಾವು ಸ್ವಾಮಿಗಳ ಪಾದ ತೊಳೀತೀವಿ. ನಿಮ್ಮಲ್ಲಿ ಸ್ವಾಮಿಗಳೇ ನಿಮ್ಮ ಪಾದ ತೊಳೀತಾರ?” ಎಂದು ಕೇಳಿದರು.

“ಹೌದ್ರಿ. ಮುದ್ದೂ ಕೊಡ್ತಾರ.” ಇವರು ಮಂಚದ ಮೇಲೆ ನೆಟ್ಟಗೆ ಕೂತರು.

“ಈ ಕಾಲಿಗೆ ಬ್ಯಾಡ,” ಎಂದರು ಡಾಕ್ಟರು.

ನನ್ನ ಮಾತು ಕೇಳದಿದ್ದರೆ ಪಾದ್ರಿಯ ಮಾತಾದರೂ ಕೇಳಲಿ ಎಂದು ಆಸ್ಪತ್ರೆಯಿಂದ ನೇರ ಆಟೋದಲ್ಲಿ ಚರ್ಚಿಗೆ ಕರೆದುಕೊಂಡು ಹೋದೆ. ಆ ದಿನಗಳಲ್ಲಿ ಮೂರ್ತಿಗಳಿಗೆಲ್ಲ ನೇರಳೆ ಬಟ್ಟೆ ಮುಚ್ಚಿರುತ್ತಾರೆ. ಬೇಡಿಕೊಳ್ಳೋಣವೆಂದರೆ ಯೇಸುವಿನ ತಾಯಿಯ ಮುಖವೂ ಕಾಣಲಿಲ್ಲ. ಈಗಿನ ಫಾದರು ಚಿಕ್ಕ ವಯಸ್ಸಿನವರು. ಎಲ್ಲ ಕೇಳಿಸಿಕೊಂಡರು.

“ಅಜ್ಜಾ, ಆಪರೇಷನ್ ಮಾಡಿಸ್ಕೊ. ಕುರ್ಚಿ ಎಲ್ಲೂ ಹೋಗೂದಿಲ್ಲ. ಮುಂದಿನ ವರ್ಷ ಬಂದ ಕುಂದ್ರು.”

“ಮುಂದಿನ ವರ್ಷ ಅರ್ಧಾ ಪಾದ ಇಟ್ಟಕೊಂಡ ಕುಂದರ್ಲೇನ್ರಿ?”

“ಹಂಗಾರ ಈ ವರ್ಷ ಎಡಗಾಲ ಕೊಡು.”

“ಬಿಷಪ್ಪರ ಕೈಯಾಗ ಎಡಗಾಲ ಇಡ್ಲೇನ್ರಿ ಫಾದರ್? ಕಂಡವರು ಏನಂದಾರು?”

“ದೇವರಿಗೆ ಎಡಾ ಬಲಾ ಎಲ್ಲೈತಿ? ಪೂಜ್ಯಾಗ ಎಲ್ಲಾರೂ ಪ್ರಸಾದ ಎಡಗೈ ಮ್ಯಾಲೆ ಇಸ್ಕೊಳ್ಳೂದಿಲ್ಲೇನ ಮತ್ತ?”

“ನಾ ನಾಲಿಗಿ ಮ್ಯಾಲೆ ತಗೊಳ್ಳಾಂವ್ರಿ.”

ಫಾದರು ನಕ್ಕರು. ನನಗೆ ನಗು ಬರಲಿಲ್ಲ. ಕೊನೆಗೆ ಫಾದರು, “ಎಡಗಾಲೇ ಖರೇ. ಬಿಷಪ್ಪರಿಗೆ ನಾ ಹೇಳಿರ್ತೀನಿ,” ಎಂದರು. ನಮ್ಮವರು ಗೋಣು ಆಡಿಸಿದರು. ಅವರು ಗೋಣು ಆಡಿಸಿದರೆ ಒಪ್ಪಿದರು ಎಂದಲ್ಲ, ಮಾತು ಸಾಕು ಎಂದು. ಅಷ್ಟು ನನಗೆ ಗೊತ್ತಿತ್ತು. ಗೊತ್ತಿದ್ದು ಏನು ಮಾಡಲಿ?

ಮಗಳು ಲೋಂಡಾದಲ್ಲಿರುತ್ತಾಳೆ. ಫೋನಿನಲ್ಲಿ, “ಅವ್ವಾ, ಎಳಕೊಂಡ ಹೋಗಿ ಅಡ್ಮಿಟ್ ಮಾಡು,” ಎಂದು ಕೂಗಾಡಿದಳು.

“ನೀನ ಬಾ. ನೀನ ಎಳಕೊಂಡ ಹೋಗು,” ಎಂದೆ.

ಬಂದಳು. ಬೈದಳು, ಅತ್ತಳು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಮನೆಯಲ್ಲಿ ನಾವು ಕನ್ನಡವನ್ನೇ ಆಡುವುದು, ಸಿಟ್ಟು ಬಂದರೆ ಮಾತ್ರ ಅವರಿಗೆ ಕೊಂಕಣಿ ಬರುತ್ತದೆ. “ನಾಕಾ,” ಎಂದರು. ಬೇಡ ಎಂದು. ಆಸ್ಪತ್ರೆಯವರನ್ನು ಕೇಳಿದರೆ, ಅಜ್ಜ ಒಪ್ಪದೆ ನಾವು ಮುಟ್ಟುವುದಿಲ್ಲ ಎಂದರು. ಅದೂ ಸರಿಯೇ. ಕಾಲು ಅವರದು.

ಗುರುವಾರ ಮೂವರೂ ಪ್ಯಾಸೆಂಜರ್ ರೈಲು ಹತ್ತಿದೆವು. ದೇಸೂರಿನಲ್ಲಿ ಹತ್ತಿದ ಹೆಂಗಸೊಬ್ಬಳು ನಮ್ಮ ಬಾಜೂ ಕೂತವಳು ಮೂಗಿಗೆ ಸೆರಗು ಹಿಡಿದು ಎದ್ದು ಹೋದಳು. ನಮ್ಮವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಬಿಳಿ ಅಂಗಿ, ಇಸ್ತ್ರಿ ಮಾಡಿದ ಪ್ಯಾಂಟು, ಪಟ್ಟಿಯ ಮೇಲೆ ಬಿಳಿ ಕಾಲುಚೀಲ.

ಸಂಜೆಯ ಪೂಜೆಯಲ್ಲಿ ಗ್ಲೋರಿಯಾ ಎಂಬ ಸ್ತುತಿಗೀತೆ ಹಾಡುವಾಗ ಚರ್ಚಿನ ಗಂಟೆಗಳನ್ನೆಲ್ಲ ಬಾರಿಸಿದರು. ಅದಾದ ಮೇಲೆ ಈಸ್ಟರ್ ತನಕ ಗಂಟೆ ಇಲ್ಲ, ಮರದ ಹಲಗೆ ಬಡಿಯುತ್ತಾರೆ. ಸುವಾರ್ತೆ ಓದಿದರು. ಅದರಲ್ಲಿ ಶಿಷ್ಯ ಪೇತ್ರ, ನನ್ನ ಕಾಲು ನೀನು ತೊಳೆಯಬೇಡ ಎಂದು ಯೇಸುವಿಗೆ ಹೇಳುತ್ತಾನೆ. ಅದನ್ನು ಓದುವಾಗ ನಾನು ಇವರನ್ನೇ ನೋಡುತ್ತಿದ್ದೆ. ಇವರು ಕಣ್ಣು ಮುಚ್ಚಿಕೊಂಡಿದ್ದರು.

ಬಿಷಪ್ಪರು ಮೇಲಿನ ನಿಲುವಂಗಿ ತೆಗೆದು, ಸೊಂಟಕ್ಕೆ ಟವೆಲ್ ಕಟ್ಟಿಕೊಂಡು, ಒಂದೊಂದೇ ಕುರ್ಚಿಯ ಮುಂದೆ ಮಂಡಿಯೂರುತ್ತಾ ಬಂದರು. ಅವರಿಗೂ ವಯಸ್ಸಾಗಿದೆ, ಏಳುವಾಗೆಲ್ಲ ಫಾದರು ರಟ್ಟೆ ಹಿಡಿಯುತ್ತಿದ್ದರು. ಎಲ್ಲರ ಕಣ್ಣು ಆ ಕಡೆ ಇದ್ದಾಗ ನಮ್ಮವರು ಬಗ್ಗಿ ಕಾಲುಚೀಲ ಎಳೆದರು, ಪಟ್ಟಿ ಸುತ್ತು ಬಿಚ್ಚತೊಡಗಿದರು. ಬಲಗಾಲಿನದು. ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದಳು. ನಾವು ಐದಾರು ಬೆಂಚು ಹಿಂದೆ. ಪೂಜೆಯ ನಡುವೆ ಹೆಂಗಸೊಬ್ಬಳು ಓಡಿ ಹೋಗಿ ಬಿಷಪ್ಪರ ಮುಂದಿನಿಂದ ಗಂಡನ ಕಾಲು ಕಸಿದುಕೊಳ್ಳುವುದು ಹೇಗೆ? ಅರ್ಧ ಎದ್ದೆ. ಹಿಂದಿನವರು ಕಾಣುವುದಿಲ್ಲ ಎಂದರು. ಕೂತೆ.

ಬಿಷಪ್ಪರು ಕೊನೆಯ ಕುರ್ಚಿಗೆ ಬಂದರು. ಫಾದರು ಬಗ್ಗಿ ಏನೋ ಹೇಳಿ ಎಡಗಾಲನ್ನು ತೋರಿಸಿದರು. ನಮ್ಮವರು ಬಲಗಾಲನ್ನೇ ಎತ್ತಿ ಹಿಡಿದರು. ಪಕ್ಕದ ಕುರ್ಚಿಯ ಹೆಂಗಸು ಮುಖ ಆ ಕಡೆ ತಿರುಗಿಸಿದಳು. ಹಾಡುವವರು ಹಾಡುತ್ತಲೇ ಇದ್ದರು. ಬಿಷಪ್ಪರು ಆ ಕಾಲು ನೋಡಿದರು, ಆಮೇಲೆ ಇವರ ಮುಖ ನೋಡಿದರು. ಅವರಾದರೂ ಏನು ಮಾಡಬೇಕು? ಚರ್ಚಿನ ತುಂಬ ಜನ, ಮುದುಕ ಕಾಲು ಚಾಚಿ ಕೂತಿದ್ದಾನೆ. ನೀರು ಹಾಕಿದರು, ಸ್ವಲ್ಪವೇ. ಒತ್ತದೆ ಒರೆಸಿದರು. ಬಗ್ಗಿ ಮುತ್ತಿಟ್ಟರು. ನಮ್ಮವರ ಮುಖ ಮದುವೆಯ ದಿನವೂ ಹಾಗಿರಲಿಲ್ಲ.

ಮರುದಿನ ಚಳಿಜ್ವರ, ಬಡಬಡಿಕೆ. ಶುಭ ಶುಕ್ರವಾರ ರಜೆ, ಡಾಕ್ಟರು ಸಿಗಲಿಲ್ಲ. ಶನಿವಾರ ಆಸ್ಪತ್ರೆಗೆ ಹೋಗುವಾಗ ಬೇಡ ಎನ್ನಲು ಅವರಿಗೆ ತ್ರಾಣವಿರಲಿಲ್ಲ. ಡಾಕ್ಟರು ನೋಡಿದವರು, “ಮೊಣಕಾಲ ಮ್ಯಾಲೆ,” ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನೀರಿನಿಂದ ಹಿಂಗಾತೋ, ತಡಾ ಆಗಿದ್ದಕ್ಕೋ?” ಎಂದು ಕೇಳಿದೆ.

“ಯಾವದರೆ ಅನ್ರಿ ಅಜ್ಜಿ. ಈಗ ಏನ್ ಮಾಡೂದೈತಿ?”

ಕೊಯ್ದ ಕಾಲನ್ನು ಒಯ್ಯುತ್ತೀರಾ ಎಂದು ಆಮೇಲೆ ಕೇಳಿದರು. ಮುತ್ತಿಟ್ಟ ಕಾಲು, ಎಸೆಯಲು ಬಿಡಬೇಡ ಎಂದು ಇವರು ಜ್ವರದಲ್ಲೇ ಹೇಳಿದ್ದರು. ಬಿಳಿ ಬಟ್ಟೆಯಲ್ಲಿ ಸುತ್ತಿಸಿಕೊಂಡು ಖಾನಾಪುರಕ್ಕೆ ತಂದು ನಮ್ಮ ಅತ್ತೆ ಮಾವನ ಬಾಜೂ ಹೂತೆವು. ಕಾಲಿಗೆ ಪ್ರಾರ್ಥನೆ ಹೇಳಬೇಕೋ ಬೇಡವೋ ಯಾರಿಗೂ ಗೊತ್ತಿರಲಿಲ್ಲ. ಒಂದೊಂದು ಹಿಡಿ ಮಣ್ಣು ಹಾಕಿದೆವು.

“ಹೆಸರ ಬರಸ್ತೀರೇನ್ರಿ?” ಎಂದ ಗುಂಡಿ ತೋಡಿದವನು.

“ಉಳದದ್ದ ಬಂದ ಮ್ಯಾಲೆ ಬರಸೂಣು,” ಎಂದೆ.

ಈಗ ಅವರು ಗಾಲಿ ಕುರ್ಚಿಯಲ್ಲಿರುತ್ತಾರೆ. ಉಳಿದ ಕಾಲನ್ನು ದಿನಾ ತೊಳೆದು, ಬೆರಳ ಸಂದಿ ಒರೆಸಿ, ಬೆಳಕಿಗೆ ಹಿಡಿದು ನೋಡಬೇಕು ಎಂದು ಡಾಕ್ಟರು ಹೇಳಿದ್ದಾರೆ. ನನಗೆ ಬಗ್ಗಲು ಆಗುವುದಿಲ್ಲ, ಮಣೆ ಹಾಕಿಕೊಂಡು ಕೂರುತ್ತೇನೆ. ಮುತ್ತುಗಿತ್ತು ನಾನು ಕೊಡುವುದಿಲ್ಲ.

ಮತ್ತೆ ಪವಿತ್ರ ವಾರ ಬಂದಿದೆ. ಫಾದರು ಫೋನು ಮಾಡಿ ಕುರ್ಚಿ ಹಾಗೇ ಇದೆ ಎಂದರು. ಇವರು ಈ ಸಲ ಎಡಗಾಲು ಕೊಡಲು ಒಪ್ಪಿದ್ದಾರೆ. ಒಪ್ಪದೆ ಇನ್ನೇನು? ಬಿಳಿ ಅಂಗಿ ತೊಳೆಸಿ ಇಟ್ಟುಕೊಂಡಿದ್ದಾರೆ.

ನಿನ್ನೆ ತೊಳೆಯುವಾಗ ಹಿಮ್ಮಡಿಯಲ್ಲಿ ಒಂದು ಬಿರುಕು ಕಂಡಿತು. ಒತ್ತಿದೆ. ಕೀವು ಬಂತು.

“ನೋವಾಗ್ತೈತೇನ್ರಿ?”

“ಎಲ್ಲಿ?” ಎಂದರು. ಬಗ್ಗಿ ನೋಡಿದರು. ಆಮೇಲೆ ತಲೆ ಎತ್ತಿ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದರು. “ಗುರುವಾರ ಮುಗೀಲಿ. ಶುಕ್ರವಾರ ಡಾಕ್ಟರ್ ಕಡೆ ಹೋಗೂಣು.”

“ಶುಭ ಶುಕ್ರವಾರ ಯಾವ ಡಾಕ್ಟರ್ ಕುಂತಿರ್ತಾನ?”

ಮಗಳಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ಪಾದ ಇನ್ನೂ ನನ್ನ ತೊಡೆಯ ಮೇಲೇ ಇತ್ತು. ಟವೆಲ್ ತೆಗೆದುಕೊಂಡು ಮತ್ತೊಮ್ಮೆ ಒರೆಸಿದೆ.