ಎಲ್ಲಿ ನಿಂತಿತು ಎಂದು ಹೇಳದವರು

ಎಂಟರ್ ಕೀಲಿ ಒತ್ತುವ ಮೊದಲು ಅವರ ಬಲಗೈಯ ಹೆಬ್ಬೆರಳು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಲ್ಲುತ್ತಿತ್ತು. ಅಷ್ಟರಲ್ಲಿ ಟೈಪ್ ಮಾಡಿದ ಸಾಲನ್ನು ತುಟಿ ಅಲ್ಲಾಡಿಸುತ್ತ ಇನ್ನೊಮ್ಮೆ ಓದಿ ಮುಗಿಸುತ್ತಿದ್ದರು. ಪಕ್ಕದಲ್ಲಿ ಕುಳಿತವರಿಗೆ ಆ ಬೆರಳನ್ನು ಹಿಡಿದು ಕೆಳಗೆ ಒತ್ತಿಬಿಡೋಣ ಅನಿಸಬೇಕು. ನನಗಂತೂ ಅನಿಸಿತ್ತು.

ತಿರುವನಂತಪುರದಲ್ಲಿ ಅವರು ಸರಕಾರಿ ಕಚೇರಿಯೊಂದರಲ್ಲಿ ಕಾನೂನಿನ ಕಡತಗಳನ್ನು ಪರಿಶೀಲಿಸುವ ಅಧಿಕಾರಿಯಾಗಿದ್ದರು. ರಜಾದಿನಗಳಲ್ಲಿ ಒಂದು ಗೇಮ್ ಸರ್ವರಿನ ಉಸ್ತುವಾರಿ. ಹಡಗುಗಳಲ್ಲಿ ಸರಕು ಸಾಗಿಸುವ ಹಳೆಯ ಆನ್‌ಲೈನ್ ಆಟ ಅದು. ಆಟ ತಯಾರಿಸಿದ ಕಂಪೆನಿ ತನ್ನ ಸರ್ವರ್ ಮುಚ್ಚಿದ ಮೇಲೆ, ಆಡುತ್ತಿದ್ದವರೇ ಸೇರಿ ಹೊಸದೊಂದನ್ನು ಬರೆಯತೊಡಗಿದ್ದರು. ಕೋಡ್ ಎಲ್ಲರಿಗೂ ತೆರೆದದ್ದು, ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಆದರೆ ಅದನ್ನು ಒಳಗೆ ಸೇರಿಸುವವರು ಅವರೊಬ್ಬರೇ.

ನಾನು ಆಗ ಕೊಚ್ಚಿಯಲ್ಲಿ ಎಂ.ಟೆಕ್ ಕೊನೆಯ ವರ್ಷದಲ್ಲಿದ್ದೆ. ಆ ಸರ್ವರಿನಲ್ಲಿ ಇಬ್ಬರು ಆಟಗಾರರು ಒಂದೇ ಕ್ಷಣಕ್ಕೆ ಒಂದೇ ಸರಕನ್ನು ಎತ್ತಿಕೊಂಡರೆ ಅದು ಇಬ್ಬರ ಹಡಗಿಗೂ ಸೇರಿಬಿಡುತ್ತಿತ್ತು. ಅದನ್ನು ಸರಿಪಡಿಸುವುದೇ ನನ್ನ ಪ್ರಾಜೆಕ್ಟ್. ಗೈಡ್ ಒಂದು ಷರತ್ತು ಹಾಕಿದ್ದರು: ವೈವಾ ಎಂಬ ಮೌಖಿಕ ಪರೀಕ್ಷೆಗೆ ಮೊದಲು ನನ್ನ ಕೋಡ್ ಮೂಲ ಸರ್ವರಿಗೆ ಸೇರಿರಬೇಕು. ಸೇರದಿದ್ದರೆ ಅದು ಬರೀ ಪ್ರಯತ್ನ, ಪ್ರಯತ್ನಕ್ಕೆ ಅಂಕ ಕಡಿಮೆ.

ಕಳಿಸಿದೆ. ಉಳಿದವರಿಗೆಲ್ಲ ಇಂಗ್ಲಿಷಿನಲ್ಲಿ ಬರೆಯುತ್ತಿದ್ದವರು, ನಾನೂ ಅವರಂತೆ ಕಾಸರಗೋಡಿನವಳೆಂದು ಗೊತ್ತಾದ ಮೇಲೆ ನನಗೆ ಕನ್ನಡದಲ್ಲೇ ಉತ್ತರಿಸಿದರು: "ಖಾಲಿ ಯಂತ್ರದಲ್ಲಿ ಆಗಲಿಲ್ಲ. ಇನ್ನೊಮ್ಮೆ ನೋಡು."

ಖಾಲಿ ಯಂತ್ರವೆಂದರೆ ಅವರ ಮನೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪ್. ಯಾರ ಕೋಡ್ ಬಂದರೂ ಅದರಲ್ಲಿದ್ದದ್ದನ್ನೆಲ್ಲ ಅಳಿಸಿ, ಸೂಚನೆಯ ಪುಟದ ಮೊದಲ ಸಾಲಿನಿಂದ ಹಿಡಿದು ಇಡೀ ಸರ್ವರನ್ನು ಹೊಸದಾಗಿ ಬಿಲ್ಡ್ ಮಾಡುತ್ತಿದ್ದರು, ಎಂದರೆ ಬರೆದ ಕೋಡಿನಿಂದ ಓಡುವ ಸರ್ವರನ್ನು ಕಟ್ಟುತ್ತಿದ್ದರು. ಸೂಚನೆಯಲ್ಲಿಲ್ಲದ ಒಂದಕ್ಷರವನ್ನೂ ಟೈಪ್ ಮಾಡುತ್ತಿರಲಿಲ್ಲ. ಬಿಲ್ಡ್ ನಿಂತರೆ ಕೋಡ್ ವಾಪಸ್. ಎಲ್ಲಿ ನಿಂತಿತು ಎಂದು ಮಾತ್ರ ಹೇಳುತ್ತಿರಲಿಲ್ಲ. ಕೇಳಿದರೆ ಅದೇ ಎರಡು ವಾಕ್ಯ ಮತ್ತೆ ಬರುತ್ತಿತ್ತು. ಮಂಗಳೂರಿನ ರೂಮ್‌ಮೇಟ್ ನನ್ನ ಮುಖ ನೋಡಿಯೇ, "ಎಂತ, ಕಡತ ಪುನಃ ವಾಪಸ್ ಬಂತಾ?" ಎಂದು ನಗುತ್ತಿದ್ದಳು.

ವೈವಾ ಹತ್ತಿರ ಬಂದಾಗ ರೈಲು ಹತ್ತಿ ಅವರ ಮನೆಗೇ ಹೋದೆ. ಹಾಗೆ ಯಾರ ಮನೆಯ ಬಾಗಿಲಿಗೂ ಹೋಗಿ ನಿಲ್ಲುವವಳಲ್ಲ ನಾನು. ಶಾಲೆಗೆ ಹೋಗುವ ಅವರ ಮಗಳು ಚಹಾ, ಬಾಳೆಹಣ್ಣಿನ ಬಜ್ಜಿಯಂಥ ಪಳಂಪೊರಿ ತಂದಿಟ್ಟಳು.

"ಅಣ್ಣಾ, ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ನಡೀತದೆ," ಎಂದೆ.

"ಹಾಗಾದ್ರೆ ಆಟ ಆಡುವವರನ್ನೆಲ್ಲ ನಿನ್ನ ಹಾಸ್ಟೆಲಿಗೆ ಕಳಿಸ್ತೇನೆ. ಅಲ್ಲೇ ಆಡಲಿ."

ಮಗಳು ಕಿಸಕ್ಕನೆ ನಕ್ಕಳು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಮಾತು ಮಾತ್ರ ಮಲಯಾಳದಲ್ಲಿ. "ಅಚ್ಛನ್ ಎಪ್ಪೋಳುಂ ಇಂಙನೆಯಾ ಚೇಚೀ," ಎಂದಳು. ಅಪ್ಪ ಯಾವಾಗಲೂ ಹೀಗೇ ಅಂತೆ.

ನನ್ನೆದುರೇ ಬಿಲ್ಡ್ ಶುರು ಮಾಡಿದರು. ಹೆಬ್ಬೆರಳು ಗಾಳಿಯಲ್ಲಿ ನಿಂತಿತು, ತುಟಿ ಅಲ್ಲಾಡಿತು. ಊಟ ಮುಗಿಸಿ ಬರುವಾಗ ಪರದೆಯ ಮೇಲೆ ಕೆಂಪು ಅಕ್ಷರಗಳಿದ್ದವು. ನನ್ನ ಕೋಡಿಗೆ ಬೇಕಾದ ಒಂದು ಲೈಬ್ರರಿ, ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟು, ಆ ಯಂತ್ರದಲ್ಲಿರಲಿಲ್ಲ. ಯಾವುದೋ ಸೆಮಿಸ್ಟರಿನ ಅಸೈನ್‌ಮೆಂಟಿಗೆಂದು ನಾನು ಅದನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದೆ. ಅಲ್ಲಿ ಅದು ಇದೆಯೆಂಬುದೇ ಮರೆತುಹೋಗಿತ್ತು.

"ಇಷ್ಟನ್ನು ಮೊದಲೇ ಬರೆದಿದ್ದರೆ ನನ್ನ ಒಂದು ಸೆಮಿಸ್ಟರ್ ಉಳೀತಿತ್ತಲ್ಲ ಅಣ್ಣ?"

"ಎಲ್ಲಿ ಅಂತ ಹೇಳಿದ್ರೆ ಅದೊಂದನ್ನೇ ಸರಿ ಮಾಡ್ತಿ ಮಾರಾಯ್ತಿ. ಉಳಿದದ್ದು ಯಾರು ನೋಡುವುದು?"

"ವೈವಾ ನನ್ನದಲ್ವಾ?"

ಅವರು ಪಳಂಪೊರಿಯ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.

ಸೂಚನೆಯ ಪುಟದಲ್ಲಿ ಆ ಲೈಬ್ರರಿಗೆ ಒಂದು ಸಾಲು ಸೇರಿಸಿ ಮತ್ತೆ ಕಳಿಸಿದೆ. ಮತ್ತೆ ಅದೇ ಎರಡು ವಾಕ್ಯ. ವೈವಾ ಬಂತು, ಗೈಡ್ ಹೇಳಿದಂತೆಯೇ ಅಂಕ ಹಾಕಿದರು. ನಾನು ಅವರಿಗೆ ಮರಳಿ ಬರೆಯಲಿಲ್ಲ. ಕೋಡ್ ಸೇರದೆ ಅಲ್ಲೇ ಉಳಿಯಿತು.

ಆಮೇಲೆ ಕೊಚ್ಚಿಯ ಎಡಪ್ಪಳ್ಳಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಏನನ್ನೇ ಕಳಿಸುವ ಮೊದಲೂ ಖಾಲಿ ಯಂತ್ರದಲ್ಲಿ ಒಮ್ಮೆ ಬಿಲ್ಡ್ ಮಾಡಿ ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಅದು ಅವರಿಂದ ಬಂದದ್ದು. ಅದಕ್ಕೆ ಋಣಿಯಾಗಿದ್ದೇನೆ. ಸಿಟ್ಟೂ ಇದೆ. ಕಲಿಸಲಿಕ್ಕೆ ಅಷ್ಟು ಮೌನ ಬೇಕಿರಲಿಲ್ಲ ಎಂದೇ ಈಗಲೂ ಅನಿಸುತ್ತದೆ.

ಕಳೆದ ತಿಂಗಳು ಒಂದು ಸಂಜೆ ಅವರ ಮಗಳ ಫೋನ್ ಬಂತು. "ಚೇಚೀ, ಅಚ್ಛನ್ ಪೋಯಿ." ಕಚೇರಿಯಲ್ಲೇ ಎದೆನೋವು ಬಂದು ಹೋಗಿಬಿಟ್ಟಿದ್ದರು. ಆಗಲೇ ಊರಿಗೆ ಒಯ್ಯುತ್ತಿದ್ದರು. ಫೋನ್ ಇಟ್ಟು, ಎಷ್ಟೋ ಕಾಲದ ಮೇಲೆ ಸರ್ವರಿನ ಪುಟ ತೆರೆದೆ. ನನ್ನ ಕೋಡಿನ ಪಕ್ಕದಲ್ಲಿ, ಹಿಂದೆ ನನಗೆ ಕಾಣದಿದ್ದ ಹಸಿರು ಬಟನ್ ಇತ್ತು. ಒಳಗೆ ಸೇರಿಸುವ ಅಧಿಕಾರವನ್ನು ಅವರು ಯಾವಾಗಲೋ ನನ್ನ ಹೆಸರಿಗೂ ಕೊಟ್ಟಿದ್ದರು. ಅದನ್ನೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಆಫೀಸಿಗೆ ರಜೆ ಹಾಕಿದೆ. ಲ್ಯಾಪ್‌ಟಾಪಿನಲ್ಲಿದ್ದದ್ದನ್ನೆಲ್ಲ ಅಳಿಸಿ, ಸೂಚನೆಯ ಮೊದಲ ಸಾಲಿನಿಂದ ಶುರು ಮಾಡಿದೆ. ನಾನು ಸೇರಿಸಿದ್ದ ಸಾಲಿಗೆ ಬಂದಾಗ ಬಿಲ್ಡ್ ನಿಂತಿತು. ಲೈಬ್ರರಿಯ ಹೆಸರು ಬರೆದಿದ್ದೆ, ಯಾವ ಆವೃತ್ತಿ ಎಂದು ಬರೆದಿರಲಿಲ್ಲ; ಬಂದು ಕೂತದ್ದು ನನ್ನ ಕೋಡಿಗೆ ಹೊಂದದ ಬೇರೆ ಆವೃತ್ತಿ. ಹಸಿರು ಬಟನ್ ಒತ್ತಲಿಲ್ಲ. ನನ್ನದೇ ಕೋಡಿನ ಕೆಳಗೆ ಬರೆದೆ: "ಖಾಲಿ ಯಂತ್ರದಲ್ಲಿ ಆಗಲಿಲ್ಲ. ಇನ್ನೊಮ್ಮೆ ನೋಡು." ಅದರ ಕೆಳಗೆ, ಎಲ್ಲಿ ನಿಂತಿತು ಎಂಬುದನ್ನೂ ಬರೆದೆ.