ಎದುರುಮನೆ ಅಜ್ಜಿ ತೋರಿಸಿದ ಹೂನುಸಿ

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಅಂತ ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. "ಈ ಮನೇಲಿ ಹತ್ತನೇ ಕ್ಲಾಸ್ ದಾಟಿದೋರೇ ಇಲ್ಲ, ಇವ್ಳು ಬಿಎಸ್ಸಿ ಮಾಡ್ತಾಳಂತೆ!" ಅಂತ ಜಗಲಿ ಮೇಲೆ ಕೂತು ನಗಾಡಿದ್ದರು. ಅದೆಲ್ಲ ಮತ್ತೆ ನೆನಪಾಗಿದ್ದು ಹೋದ ವಾರ. ಕಡೂರಿನಲ್ಲಿ ಬಸ್ಸಿಗೆ ಕಾಯುವಾಗ ಒಬ್ಬಾಕೆ ಬುಟ್ಟಿಯಲ್ಲಿ ನಿಂಬೆಹಣ್ಣು ಮಾರುತ್ತಿದ್ದಳು. ಒಂದು ಹಣ್ಣಿನ ತೊಟ್ಟಿನ ಸುತ್ತ ಬೂದು ಬಣ್ಣದ ಬಳೆಯಂಥ ಕಲೆ. "ಅದು ಕಜ್ಜಿ ಹಣ್ಣು, ಬಿಡಕ್ಕ, ಬೇರೆ ಕೊಡ್ತೀನಿ" ಅಂದಳು. ನಾನು ಅದನ್ನೇ ತಗೊಂಡೆ. ನಮ್ಮ ಎದುರುಮನೆ ಅಜ್ಜಿ ಕಣ್ಣ ಮುಂದೆ ಬಂದುಬಿಟ್ಟರು...

ಒಂದು ಕಾಲಕ್ಕೆ ನಾನೂ ಅದನ್ನು ಕಜ್ಜಿ ರೋಗ ಅಂತಲೇ ಬರೆದಿದ್ದೆ. ನಿಂಬೆ ಮೇಲೆ ಮಾಡಿದ ಕೊನೇ ವರ್ಷದ ಪ್ರಾಜೆಕ್ಟು ಅದು. ನಮ್ಮ ಸಿಂಗಟಗೆರೆ ಕಡೆ ಕಲೆ ಬಿದ್ದ ನಿಂಬೆಗೆಲ್ಲ ಒಂದೇ ಹೆಸರು. ಕಾಲೇಜಿನ ಮೇಡಂ ನನ್ನ ಪ್ರಾಜೆಕ್ಟ್ ಪುಸ್ತಕ ವಾಪಸ್ ತಳ್ಳಿದರು. "ಇದು ರೋಗ ಅಲ್ಲ. ಏನು ಅಂತ ನೀನೇ ಕಂಡುಹಿಡಿದು ತೋರಿಸು. ಇಲ್ಲದಿದ್ದರೆ ಫೇಲು." ಫೇಲಾದರೆ ಇನ್ನೊಂದು ವರ್ಷ ಓದಿಸುವ ಮಾತು ನಮ್ಮನೆಯಲ್ಲಿ ಇರಲಿಲ್ಲ. ಅಲ್ಲಿಗೆ ಮುಗೀತು.

ಅಜ್ಜಿಯ ಹಿತ್ತಲಲ್ಲಿ ನಿಂಬೆ ಗಿಡವಿತ್ತು. ಒಂದೊಂದೇ ಕಾಯಿ ತಿರುಗಿಸಿ ನೋಡುತ್ತಿದ್ದೆ. ಅಜ್ಜಿ ಹಿಂದಿನಿಂದ ಬಂದರು.

"ಏನೇ ಹುಡುಕ್ತಿದ್ದೀ?"

"ಹಣ್ಣು ಕೆಡಿಸಿದ ಕಳ್ಳನ್ನ, ಅಜ್ಜಿ."

"ಕಳ್ಳ ಇನ್ನೂ ಕಾಯಲ್ಲೇ ಕೂತಿರ್ತಾನೇನೇ ಪೆದ್ದಿ? ಹೂವಲ್ಲಿ ನೋಡು."

ತೀರಿಕೊಂಡ ಯಜಮಾನರ ಬಿಳಿ ಪಂಚೆ ತಂದು ಕೊಂಬೆಯ ಕೆಳಗೆ ಹಿಡಿಯಲು ಹೇಳಿದರು. ಹೂಗೊಂಚಲಿಗೆ ಬೆರಳಿಂದ ಮೆಲ್ಲಗೆ ತಟ್ಟಿದರು. ಪಂಚೆಯ ಮೇಲೆ ಎಳ್ಳಿಗಿಂತ ಸಣ್ಣ ಹಳದಿ ಹುಳಗಳು ಓಡಾಡತೊಡಗಿದವು. ಕಾಲೇಜಿನಲ್ಲಿ ಥ್ರಿಪ್ಸ್ ಅಂತ ಹೆಸರು ಮಾತ್ರ ಬಾಯಿಪಾಠ ಮಾಡಿದ್ದೆ. ಅಜ್ಜಿ ಹೂನುಸಿ ಅನ್ನುತ್ತಿದ್ದರು. "ಕಾಯಿ ಕಡ್ಲೆಕಾಳಷ್ಟು ಇದ್ದಾಗ ತೊಟ್ಟಿನಡಿ ಕೂತು ಕೆರೀತವೆ. ಕಾಯಿ ದಪ್ಪ ಆದಂಗೆ ಗಾಯನೂ ಅಗಲ ಆಗ್ತೈತೆ" ಅಂದರು.

ಬರೀ ಬಾಯಿಮಾತು ಮೇಡಂಗೆ ಸಾಲದು. ಅದಕ್ಕೂ ಅಜ್ಜಿಯೇ ದಾರಿ ಹೇಳಿದರು. ಹಳೇ ಸೀರೆಗಳನ್ನು ಹರಿದು, ತಟ್ಟಿದಾಗ ನುಸಿ ಕಂಡ ಗೊಂಚಲಿಗೆ ಕೆಂಪು ಚೂರು, ಕಾಣದ ಗೊಂಚಲಿಗೆ ಹಸಿರು ಚೂರು ಕಟ್ಟಿದೆವು. ಬೇಲಿಯಾಚೆಯಿಂದ ದೊಡ್ಡಪ್ಪ, "ಓದಿ ಪಾಸಾಗಲ್ಲ ಅಂತ ಗಿಡಕ್ಕೆ ಹರಕೆ ಕಟ್ಟವ್ಳೆ ನೋಡ್ರೋ" ಅಂದರು.

"ಹೂಂ ಕಣಪ್ಪ, ನಿನ್ ಬಾಯಿ ಮುಚ್ಲಿ ಅಂತಾನೂ ಒಂದು ಕಟ್ಟಿದೀವಿ" ಅಂದರು ಅಜ್ಜಿ.

ಎರಡು ತಿಂಗಳು, ದಿನಾ ಬೆಳಗ್ಗೆ ಬಸ್ಸಿಗೆ ಮುಂಚೆ ಗಿಡ ನೋಡಿ ಬರೆದುಕೊಂಡೆ. ನನಗೆ ಹೊತ್ತಾದ ದಿನ ಅಜ್ಜಿಯೇ ನೋಡಿ, ಎಷ್ಟು ಕಾಯಿ ಉಳಿದಿವೆ ಅಂತ ಬಾಗಿಲಲ್ಲಿ ನಿಂತು ಕೂಗುತ್ತಿದ್ದರು. ಕೊನೆಗೆ ಕೆಂಪು ಚೂರಿನ ಕಾಯಿಗಳಿಗೆ ಹೆಚ್ಚುಕಮ್ಮಿ ಎಲ್ಲಕ್ಕೂ ಬಳೆ ಕಲೆ ಬಿದ್ದಿತ್ತು. ಹಸಿರಿನಲ್ಲಿ ಎರಡೋ ಮೂರೋ. ಕೊಂಬೆ ಸಮೇತ ಕೊಯ್ದು, ಅಜ್ಜಿಯ ಪಂಚೆಯಲ್ಲೇ ಸುತ್ತಿ ಕಾಲೇಜಿಗೆ ಒಯ್ದೆ. ಮೇಡಂ ಬಹಳ ಹೊತ್ತು ನೋಡಿ ಸಹಿ ಹಾಕಿದರು.

ರಿಸಲ್ಟ್ ಬರುವುದರೊಳಗೆ ಅಜ್ಜಿ ಹೋಗಿಬಿಟ್ಟರು... ನಿಮ್ಮಿಂದಲೇ ಆಯ್ತು ಅಂತ ಒಂದು ಮಾತು ಹೇಳಿರಲಿಲ್ಲ ನಾನು. ನಾಳೆ ಹೇಳಿದರಾಯ್ತು ಅಂತ ಇದ್ದೆ.

ಹೋದ ವಾರ ಕಡೂರಿಗೆ ಹೋಗಿದ್ದು ಸರ್ಟಿಫಿಕೇಟ್ ತರಲಿಕ್ಕೆ. ಮನೆಗೆ ಬಂದು ಅವ್ವನ ಕೈಗೆ ಕೊಟ್ಟೆ. ಅವ್ವನಿಗೆ ಓದು ಬಾರದು. ಕೈ ಒರೆಸಿಕೊಂಡು ಹಿಡಿದು, ಒಂದೊಂದು ಸಾಲಿನ ಮೇಲೂ ಬೆರಳಾಡಿಸಿದಳು.

"ಇದು ನಿನ್ ಹೆಸ್ರಾ?"

"ಹೂಂ ಅವ್ವ."

"ಅಜ್ಜಿ ಹೆಸ್ರು ಎಲ್ಲೈತೆ, ತೋರ್ಸು."