ಮೊದಲನೆಯ ‘ಬೇಡ’

ವಿಮಾನ ಹಾರಿಸಲು ನನಗೆ ಭಯವಿಲ್ಲ. ‘ಹೌದು’, ‘ಅಲ್ಲ’ ಎಂಬ ಎರಡು ಚೌಕಗಳನ್ನು ಕಂಡರೆ ಮಾತ್ರ ಕೈ ಬೆವರುತ್ತದೆ. ವಿಮಾನ ಕಂಪನಿಗಳು ಪೈಲಟ್ಟುಗಳನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಮನಸ್ಸನ್ನೂ ಪರೀಕ್ಷೆ ಮಾಡುವುದುಂಟು ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ಕಣ್ಣು, ಕಿವಿ, ರಕ್ತ ಎಲ್ಲ ನೋಡಿಯಾದ ಮೇಲೆ ಕಂಪ್ಯೂಟರಿನ ಮುಂದೆ ಕೂರಿಸಿ ವಾಕ್ಯಗಳನ್ನು ಒಂದರ ಹಿಂದೊಂದು ತೋರಿಸುತ್ತಾರೆ. ‘ನಾನು ಎಂದೂ ಸುಳ್ಳು ಹೇಳಿಲ್ಲ.’ ‘ಒಬ್ಬನೇ ಇದ್ದರೂ ನಾನು ಸುಖವಾಗಿರುತ್ತೇನೆ.’ ‘ನನಗೆ ಬೇಕಾದುದನ್ನು ನೇರವಾಗಿ ಕೇಳುತ್ತೇನೆ.’ ಒಪ್ಪಿದರೆ ಹೌದು, ಇಲ್ಲದಿದ್ದರೆ ಅಲ್ಲ. ‘ಸಂದರ್ಭ ನೋಡಿಕೊಂಡು’ ಎಂಬ ಮೂರನೆಯ ಚೌಕವನ್ನು ಯಾರೂ ಇಟ್ಟಿಲ್ಲ. ಹುಬ್ಬಳ್ಳಿಯಲ್ಲಿ ಬೆಳೆದ ನಾನು ಆಯುಷ್ಯದ ಹೆಚ್ಚಿನ ಪಾಲನ್ನು ಆ ಮೂರನೆಯ ಚೌಕದಲ್ಲೇ ಕಳೆದಿದ್ದೇನೆ.

ಆಗ ನಾನು ಓಡಿಸುತ್ತಿದ್ದುದು ಹೊಟ್ಟೆಯಲ್ಲಿ ಕ್ಯಾಮೆರಾ ಕೂರಿಸಿಕೊಂಡ ಪುಟ್ಟ ವಿಮಾನ. ನಕ್ಷೆ ಮಾಡುವವರಿಗಾಗಿ ಅಮೆರಿಕದ ಪಶ್ಚಿಮ ಕರಾವಳಿಯ ಕೊಲ್ಲಿಯ ಮೇಲೆ, ಬೆಟ್ಟಗಳ ಮೇಲೆ, ಹೊಲ ಉಳುವವರ ಹಾಗೆ ಆ ತುದಿಯಿಂದ ಈ ತುದಿಗೆ ಸಾಲು ಹಿಡಿದು ಹಾರುವುದು. ವಿಮಾನದಲ್ಲಿ ನಾನೊಬ್ಬನೇ. ಪಕ್ಕದ ಸೀಟಿನಲ್ಲಿ ಊಟದ ಡಬ್ಬಿ ಬೆಲ್ಟು ಕಟ್ಟಿಕೊಂಡು ಕೂತಿರುತ್ತಿತ್ತು. ಹಗಲೆಲ್ಲ ನನ್ನೊಡನೆ ಮಾತಾಡುವವರು ಕಂಟ್ರೋಲ್ ಟವರಿನವರು ಮಾತ್ರ, ಅವರೂ ಕರೆಯುತ್ತಿದ್ದುದು ವಿಮಾನದ ನಂಬರಿನಿಂದ. ಸಂಜೆ ರೆಡ್‌ವುಡ್ ಸಿಟಿಯ ಅಪಾರ್ಟ್‌ಮೆಂಟಿನ ಬಾಗಿಲು ತೆರೆದರೆ ಆ ನಂಬರು ಹೇಳಿ ಕರೆಯುವವರೂ ಇಲ್ಲ. ದೊಡ್ಡ ವಿಮಾನದ ಕೆಲಸ ಬೇಕೆನಿಸಿದ್ದು ಸಂಬಳಕ್ಕಿಂತ ಹೆಚ್ಚಾಗಿ, ಅಲ್ಲಿ ಮುಂದುಗಡೆ ಎರಡು ಸೀಟುಗಳಿವೆ, ಎರಡರಲ್ಲೂ ಮನುಷ್ಯರೇ ಕೂರುತ್ತಾರೆ ಎಂಬ ಕಾರಣಕ್ಕೆ. ಆದರೆ ಸಂದರ್ಶನದಲ್ಲಿ ಹಾಗೆಂದರೆ ಯಾರು ಕೆಲಸ ಕೊಡುತ್ತಾರೆ? ಬಾಲ್ಯದ ಕನಸು, ಆಕಾಶದ ಹುಚ್ಚು ಎಂದೇ ಹೇಳಬೇಕು.

ಮೊದಲ ಸಲ ಪರೀಕ್ಷೆಗೆ ಹೊರಟಾಗ ನನಗೆ ಗುರೂಪದೇಶ ಮಾಡಿದವರು ವಿಮಲಾ ಆಂಟಿ. ಮೈಸೂರಿನವರು, ನಿವೃತ್ತ ಡಾಕ್ಟರು, ಹತ್ತಿರದ ಲಾಸ್ ಆಲ್ಟೋಸಿನಲ್ಲಿ ಮನೆ. ಈ ದೇಶದಲ್ಲಿ ನನ್ನನ್ನು ‘ಏನಪ್ಪಾ’ ಎನ್ನುವವರು ಅವರೊಬ್ಬರೇ. “ನೋಡಪ್ಪ, ನಿನ್ ಡಾಕ್ಟ್ರ ಹತ್ರ ಎಲ್ಲ ಹೇಳ್ಬೇಕು, ಕಂಪ್ನಿ ಡಾಕ್ಟ್ರ ಹತ್ರ ಸ್ವಲ್ಪ ನೋಡ್ಕೊಂಡು ಹೇಳ್ಬೇಕು. ಬೇಜಾರು ಗೀಜಾರು ಅಂತೆಲ್ಲ ಟಿಕ್ ಮಾಡಿ ಕೂತ್ಕೋಬೇಡ, ಲೈಸೆನ್ಸಿಗೇ ಕುತ್ತು ಬಂದೀತು” ಎಂದರು. ನಾನು ಚಾಚೂ ತಪ್ಪದೆ ಪಾಲಿಸಿದೆ. ಸುಳ್ಳು ಹೇಳಿಲ್ಲ, ಸಿಟ್ಟು ಬಂದಿಲ್ಲ, ಒಂಟಿ ಎನಿಸಿಲ್ಲ, ಬೇಕಾದುದನ್ನು ನೇರವಾಗಿ ಕೇಳುತ್ತೇನೆ. ಕೆಲವೇ ದಿನಗಳಲ್ಲಿ ‘ವಿಷಾದಿಸುತ್ತೇವೆ’ ಎಂಬ ಈಮೇಲು ಬಂತು. ಇಂಥ ಪರೀಕ್ಷೆಗಳು ತೀರಾ ಒಳ್ಳೆಯವರನ್ನೇ ಮೊದಲು ಹಿಡಿಯುತ್ತವೆ ಎಂದು ಆಮೇಲೆ ತಿಳಿಯಿತು. ಅಷ್ಟು ಒಳ್ಳೆಯ ಮನುಷ್ಯ ಭೂಮಿಯ ಮೇಲೆ ಇರಲಾರನೆಂಬುದು ಕಂಪ್ಯೂಟರಿಗೂ ಗೊತ್ತಂತೆ.

ಅಷ್ಟರಲ್ಲಿ ನಮ್ಮ ನಕ್ಷೆಯ ಕಂಪನಿಯವರು ಡ್ರೋನು ತರಿಸುವ ಮಾತು ಎತ್ತಿದರು. ಡ್ರೋನಿಗೆ ಊಟದ ಡಬ್ಬಿ ಬೇಡ, ಪೈಲಟ್ಟೂ ಬೇಡ. ಇನ್ನೊಂದು ವಿಮಾನ ಕಂಪನಿಯಿಂದ ಕರೆ ಬಂದಾಗ ಇದೂ ಹೋದರೆ ಮತ್ತೆ ಕರೆಯುವವರಿಲ್ಲ ಎಂಬುದು ನನಗೆ ಸ್ಪಷ್ಟವಿತ್ತು. ಎರಡು ಕಡೆ ಮನಸ್ಸು ಸರಿಯಿಲ್ಲ ಎನಿಸಿಕೊಂಡ ಪೈಲಟ್ಟನ್ನು ಮೂರನೆಯವರು ಯಾಕೆ ಮುಟ್ಟುತ್ತಾರೆ? ಈ ಸಲ ಉಪದೇಶವೇ ಬೇಡವೆಂದು ಇದ್ದದ್ದನ್ನು ಇದ್ದ ಹಾಗೆ ಒತ್ತಿದೆ. ‘ಬೇಕಾದುದನ್ನು ನೇರವಾಗಿ ಕೇಳುತ್ತೇನೆ’ ಎಂಬುದಕ್ಕೆ ‘ಅಲ್ಲ’ ಎಂದೆ. ‘ಒಬ್ಬನೇ ಇದ್ದರೂ ಸುಖವಾಗಿರುತ್ತೇನೆ’ ಎಂಬಲ್ಲಿಗೆ ಬಂದಾಗ ಮಾತ್ರ ಧೈರ್ಯ ಸಾಲದೆ ‘ಹೌದು’ ಒತ್ತಿಬಿಟ್ಟೆ.

ಕೇಳದಿರುವ ಈ ರೋಗ ನನ್ನೊಬ್ಬನದಲ್ಲ. ನಮ್ಮ ಕಡೆ ಯಾರ ಮನೆಗೆ ಹೋದರೂ ಚಹಾ ಬೇಕೇ ಎಂದ ಕೂಡಲೇ ‘ಬ್ಯಾಡ್ರಿ, ಈಗಷ್ಟ ಆತು’ ಎನ್ನಬೇಕು. ಅದು ಉತ್ತರವಲ್ಲ, ಗಂಟಲು ಸರಿಮಾಡಿಕೊಳ್ಳುವುದು ಅಷ್ಟೇ. ‘ಒಂದೀಟು ತಗೋರಿ’ ಎಂದು ಅವರು ಮತ್ತೆ ಹೇಳಬೇಕು, ನಾವು ಮತ್ತೆ ಬೇಡವೆನ್ನಬೇಕು, ಅಷ್ಟರಲ್ಲಿ ಒಳಗೆ ಚಹಾ ಕುದಿಯುತ್ತಿರಬೇಕು. ದೇವರಿಗೆ ನಾವು ಷೋಡಶೋಪಚಾರ ಮಾಡುತ್ತೇವೆ. ಕಾಲಿಗೆ ನೀರು, ಕೈಗೆ ನೀರು, ಧೂಪ, ದೀಪ, ನೈವೇದ್ಯ. ಯಾವ ದೇವರಾದರೂ ಬಾಯಿಬಿಟ್ಟು ಕೇಳಿದ್ದುಂಟೇ? ದೇವರೇ ಇಷ್ಟು ಸಂಕೋಚದಲ್ಲಿರುವಾಗ ಹುಲುಮಾನವನಾದ ನಾನು ಹೇಗೆ ಕೇಳಲಿ?

ತೊಂದರೆಯೆಂದರೆ, ಇಲ್ಲಿ ಮೊದಲನೆಯ ‘ಬೇಡ’ವನ್ನೇ ಜನ ನಂಬಿಬಿಡುತ್ತಾರೆ. ಇಲ್ಲಿ ಬಹಳ ವರ್ಷ ಇದ್ದ ನಮ್ಮವರಿಗೂ ಆ ಅಭ್ಯಾಸ ಅಂಟಿದೆ. ಆ ವರ್ಷದ ಯುಗಾದಿಗೆ ವಿಮಲಾ ಆಂಟಿ ಫೋನು ಮಾಡಿ, “ಊಟಕ್ಕೆ ಬಾರಪ್ಪ, ಒಬ್ಬಟ್ಟು ಮಾಡ್ತಿದೀನಿ” ಎಂದರು.

“ಅಯ್ಯ, ಯಾಕ್ ತ್ರಾಸ ತಗೋತೀರಿ ಆಂಟಿ, ಬ್ಯಾಡ್ರಿ” ಎಂದೆ.

“ಓ, ಬ್ಯುಸಿ ಇದೀಯೇನೋ. ಓಕೆ, ಇನ್ನೊಂದ್ಸಲ ಬಾ” ಎಂದು ಇಟ್ಟೇಬಿಟ್ಟರು.

ಇನ್ನೊಮ್ಮೆ ಫೋನು ಬರುತ್ತದೆಂದು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಮಧ್ಯಾಹ್ನದವರೆಗೂ ಕೂತಿದ್ದೆ. ಆಮೇಲೆ ಅದೇ ಅಂಗಿಯಲ್ಲಿ ಮೊಸರನ್ನ ತಿಂದೆ. ಆ ಹೊತ್ತು ನನಗೆ ನಿಜವಾಗಿ ಅಳು ಬಂದಿತ್ತು.

ಕಂಪ್ಯೂಟರಿನ ಪರೀಕ್ಷೆಯಾದ ಮೇಲೆ ವಿಮಾನ ಕಂಪನಿಯವರು ನನ್ನನ್ನು ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ ಮಾತಿಗೆ ಕಳಿಸಿದರು, ಅವರ ಕಚೇರಿ ಕೊಲ್ಲಿಯ ಆಚೆ ದಡದ ಬರ್ಕ್ಲಿಯಲ್ಲಿತ್ತು. ಬೆಳ್ಳಿ ಕೂದಲಿನ ಅಮೆರಿಕದ ಹೆಂಗಸು, ನಿಧಾನದ ಮಾತು. ಒಳಗೆ ಹೋದ ಕೂಡಲೇ ನೀರು ಬೇಕೇ ಎಂದರು. ಬಾಯಿ ಒಣಗಿ ಹೋಗಿತ್ತು. ಬೇಡ ಎಂದೆ. ಅವರು ಹೂಜಿಯನ್ನು ಅತ್ತ ಸರಿಸಿ ನನ್ನ ಉತ್ತರಗಳನ್ನು ತೆರೆದರು.

“ಬೇಕಾದುದನ್ನು ನೇರವಾಗಿ ಕೇಳುವುದಿಲ್ಲ ಎಂದಿದ್ದೀರಿ. ಪೈಲಟ್ಟಿಗೆ ಅದು ಅಪಾಯವಲ್ಲವೇ?”

“ವಿಮಾನಕ್ಕೆ ಬೇಕಾದುದನ್ನು ಕೇಳುತ್ತೇನೆ. ನನಗೆ ಬೇಕಾದುದನ್ನು ಕೇಳುವುದಿಲ್ಲ” ಎಂದೆ.

ಅವರು ಕನ್ನಡಕದ ಮೇಲಿಂದ ನೋಡಿದರು. “ಸರಿ. ನಿಮ್ಮ ಕ್ಯಾಪ್ಟನ್ನು ಯಾಕೋ ಮಂಕಾಗಿದ್ದಾರೆ. ಆರಾಮಾಗಿದ್ದೀರಾ ಎಂದು ಕೇಳುತ್ತೀರಿ. ಆರಾಮಾಗಿದ್ದೇನೆ ಎನ್ನುತ್ತಾರೆ. ಆಗ ಏನು ಮಾಡುತ್ತೀರಿ?”

ಇದಕ್ಕೆ ಪುಸ್ತಕದಲ್ಲಿ ಉತ್ತರವಿದೆ, ಬಾಯಿಪಾಠವೂ ಆಗಿತ್ತು. ಆದರೆ ಬಾಯಿಂದ ಬಂದದ್ದು ಬೇರೆ. “ಮತ್ತೆ ಕೇಳುತ್ತೇನೆ. ಆಮೇಲೆ ಇನ್ನೊಮ್ಮೆ ಕೇಳುತ್ತೇನೆ. ನಮ್ಮ ಊರಲ್ಲಿ ಮೊದಲ ಸಲ ಹೇಳಿದ್ದನ್ನು ಉತ್ತರವೆಂದು ಹಿಡಿಯುವುದಿಲ್ಲ. ನೀರು ಬೇಡವೆಂದವನಿಗೆ ಬಾಯಾರಿಕೆ ಇರುತ್ತದೆ. ಎಲ್ಲ ಸರಿಯಿದೆ ಎಂದವನನ್ನು ಸ್ವಲ್ಪ ಹೊತ್ತು ನೋಡುತ್ತ ಕೂರಬೇಕು. ಆಗಲೂ ಸರಿ ಕಾಣದಿದ್ದರೆ ವಿಮಾನ ಹೊರಡುವುದಿಲ್ಲವೆಂದು ನಾನೇ ಹೇಳುತ್ತೇನೆ.”

ಅವರು ಬರೆಯುವುದನ್ನು ನಿಲ್ಲಿಸಿದರು. ಹಾಳೆ ತಿರುವಿ, ಒಂದು ಕಡೆ ಬೆರಳಿಟ್ಟು, “ಒಬ್ಬನೇ ಇದ್ದರೂ ಸುಖವಾಗಿರುತ್ತೇನೆ ಎಂದಿದ್ದೀರಿ. ಹೌದಾ?” ಎಂದು ಕೇಳಿದರು.

“ಹೌದು” ಎಂದೆ.

ಅವರು ಸುಮ್ಮನೆ ನೋಡುತ್ತ ಕೂತರು. ಆಮೇಲೆ, “ಹೌದಾ?” ಎಂದರು.

“ಇಲ್ರೀ” ಎಂದೆ. ಎದುರಿಗಿರುವವರಿಗೆ ಕನ್ನಡ ಬಾರದೆಂಬುದು ಆಮೇಲೆ ನೆನಪಾಯಿತು. ಅನುವಾದ ಮಾಡುವ ಮೊದಲೇ ಕಣ್ಣು ತುಂಬಿತ್ತು. ಮಿಕ್ಕದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಹೇಳುತ್ತಾ ಹೇಳುತ್ತಾ, ಕೆಲಸ ಇಲ್ಲಿಗೆ ಮುಗಿಯಿತು ಎಂದು ಒಳಗಿನಿಂದ ಯಾರೋ ಅನ್ನುತ್ತಲೇ ಇದ್ದರು, ಆದರೂ ನಿಲ್ಲಿಸಲಾಗಲಿಲ್ಲ.

ಕೆಲಸ ಸಿಕ್ಕಿತು. ನಿಜ ಹೇಳಿ ಗೆಲ್ಲಿರಿ ಎಂದು ನಾನು ಯಾರಿಗೂ ಬೋಧಿಸಲಾರೆ. ಅದೇ ನಿಜ ಹೇಳಿದ ಇನ್ನೊಬ್ಬನನ್ನು ಕಂಪನಿಯವರು ಮನೆಗೆ ಕಳಿಸಿರಲೂಬಹುದು. ಆದರೆ ಆ ದಿನ ಮನಶ್ಶಾಸ್ತ್ರಜ್ಞೆಯ ಕಚೇರಿಯಿಂದ ಹೊರಟು ಫ್ರೀವೇ ಹತ್ತಿದಾಗ ಕೆಲಸದ ಯೋಚನೆ ನನ್ನ ತಲೆಯಲ್ಲಿರಲಿಲ್ಲ. ಇಷ್ಟು ವರ್ಷಗಳ ಮೇಲೆ ಒಬ್ಬರು ನನ್ನನ್ನು ಎರಡನೆಯ ಸಲ ಕೇಳಿದ್ದರು, ಹೊಟ್ಟೆ ತುಂಬಿದಂತಿತ್ತು. ಹಾಗೆ ಕೇಳುವುದಕ್ಕೆಂದೇ ಅವರಿಗೆ ಸಂಬಳ ಕೊಟ್ಟು ಕೂರಿಸಿದ್ದಾರೆ ಎಂದು ಹೊಳೆಯುವಷ್ಟರಲ್ಲಿ ಸೇತುವೆ ದಾಟಿಯಾಗಿತ್ತು.